ಕಲಾ ಸಂಗ್ರಹಾಲಯದಲ್ಲಿ ಕನ್ಯಾ ತೋರಿಸಿದ ದಿನ

ನಮ್ಮ ಅವಳಿ ನಗರಕ್ಕೆ ಹೊಸದಾಗಿ ಒಂದು ಕಲಾ ಸಂಗ್ರಹಾಲಯ ಬಂದಿದೆ. ಹುಬ್ಬಳ್ಳಿಯವರೂ ಮುನಿಸಿಕೊಳ್ಳಬಾರದು, ಧಾರವಾಡದವರೂ ಮುನಿಸಿಕೊಳ್ಳಬಾರದು ಎಂದು ನಟ್ಟನಡುವೆ ಜಾಗ ಹುಡುಕಿ ಕಟ್ಟಿದ್ದಾರೆ. ಹೀಗಾಗಿ ಅದು ಎರಡೂ ಊರಿನವರಿಗೆ ದೂರ. ಉದ್ಘಾಟನೆಯ ಕಲ್ಲಿನ ಮೇಲೆ ಇರುವಷ್ಟು ಹೆಸರುಗಳು ಒಳಗಿನ ಚಿತ್ರಗಳ ಕೆಳಗೆ ಇಲ್ಲ. ಉದ್ಘಾಟನೆಯ ದಿನ ಊಟವಿತ್ತು, ಜನ ಕಿಕ್ಕಿರಿದು ಬಂದಿದ್ದರು. ಮರುದಿನದಿಂದ ಊಟವಿಲ್ಲ, ಜನರೂ ಇಲ್ಲ.

ಹೀಗೆ ಖಾಲಿ ಬಿದ್ದ ಕಟ್ಟಡಕ್ಕೆ ಊರವರೇ ಒಂದು ಉಪಯೋಗ ಕಂಡುಹಿಡಿದರು. ಮದುವೆಗೆ ಕನ್ಯಾ ತೋರಿಸುವುದು. ಇದರ ಹಿಂದೆ ದೊಡ್ಡ ವಿಚಾರವಿದೆ. ಹುಡುಗನ ಕಡೆಯವರನ್ನು ಮನೆಗೆ ಕರೆಸಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಧಾರವಾಡದ ಮಾಳಮಡ್ಡಿಯಲ್ಲಿ ಗುರುತಿಲ್ಲದ ಕಾರು ಬಂದು ನಿಂತರೆ ಎದುರು ಮನೆಯ ಕಿಟಕಿ ಎರಡು ಬೆರಳಷ್ಟು ತೆರೆಯುತ್ತದೆ. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಹಿಡಿದೇ ಇದು ಎಷ್ಟನೆಯ ಸಂಬಂಧ ಎಂದು ಹೇಳುವವರಿದ್ದಾರೆ. ಗುಡಿಗೆ ಹೋದರೆ ಪರಿಚಯದವರು ಸಿಗುತ್ತಾರೆ, ಹೋಟೆಲಿಗೆ ಹೋದರೆ ಬಿಲ್ಲು ಕೊಡುವವರು ಯಾರೆಂಬ ಗುದ್ದಾಟ. ಕಲಾ ಸಂಗ್ರಹಾಲಯದಲ್ಲಾದರೆ ಎಸಿ ಇದೆ, ಮೆತ್ತನೆಯ ಬೆಂಚಿದೆ, ಹುಡುಗಿಯ ಬಣ್ಣ ಸರಿಯಾಗಿ ಕಾಣುವಂಥ ದೀಪಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಪರಿಚಯದವರು ಯಾರೂ ಅಲ್ಲಿಗೆ ಬರುವುದಿಲ್ಲ.

ಇದೆಲ್ಲ ನನಗೆ ಗೊತ್ತಿರಲಿಲ್ಲ. ಗೆಳತಿ ಶಾಂಭವಿ, "ಭಾನುವಾರ ಕಲಾ ಸಂಗ್ರಹಾಲಯಕ್ಕ ಹೋಗೂನು ಬಾ, ಒಂದ ದಿನ ಆರಾಮ ಅಡ್ಡಾಡಿ ಬರೂನು" ಎಂದಾಗ ಖುಷಿಯಿಂದ ಹೂಂ ಅಂದೆ. ನಾನು ಸುಜಾತಾ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಶಾಂಭವಿ ಅಲ್ಲೇ ಕನ್ನಡ ಹೇಳುತ್ತಾಳೆ. ಅವಳದು ಮಾಳಮಡ್ಡಿಯ ಲಿಂಗಾಯತ ಮನೆತನ, ಹತ್ತಿಯ ವ್ಯಾಪಾರ. ನಮ್ಮಪ್ಪ ಅರ್ಜುನಪ್ಪ ಸಾಲಿ ಮಾಸ್ತರ. ನಾವು ಜಾತಿ ಕೇಳಿದವರಿಗೆ ದಲಿತರು, ಧರ್ಮ ಕೇಳಿದವರಿಗೆ ಬೌದ್ಧರು. ಶಾಂಭವಿ ಎರಡನ್ನೂ ಎಂದೂ ಕೇಳಲಿಲ್ಲ, ಹಾಗಾಗಿ ಹನ್ನೆರಡು ವರ್ಷದಿಂದ ಗೆಳೆತನ ಗಟ್ಟಿಯಾಗಿ ಉಳಿದಿದೆ ಎಂದು ನಾನು ನಂಬಿದ್ದೆ. ಅವಳು ಡಾಕ್ಟರೇಟು ಮಾಡಿದ್ದೇ ಶರಣರ ಸಮಾನತೆಯ ಮೇಲೆ. ಊರೂರಿಗೆ ಹೋಗಿ ಜಾತಿ ಎನ್ನುವುದೇ ಇಲ್ಲ ಎಂದು ಭಾಷಣ ಮಾಡಿ, ಒಂದೊಂದು ಶಾಲು ಹೊದೆಸಿಕೊಂಡು ಬರುತ್ತಾಳೆ.

ಗೇಟಿನ ಹತ್ತಿರ ಶಾಂಭವಿಯ ಜೊತೆ ಅವಳ ಅವ್ವ ಗೌರಕ್ಕನೂ ನಿಂತಿದ್ದು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಶಾಂಭವಿ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದಿದ್ದಳು. ಗೌರಕ್ಕನ ಕೈಯಲ್ಲಿ ದೊಡ್ಡ ಚೀಲ, ಚೀಲದಿಂದ ಅವಲಕ್ಕಿಯ ವಾಸನೆ. 'ತಿಂಡಿ ತಿನಿಸು ತರಬಾರದು' ಎಂಬ ಬೋರ್ಡಿಗೆ ಒರಗಿ ನಿಂತಿದ್ದರು. ಕಾವಲುಗಾರ ಹುಲಗಪ್ಪ ಚೀಟಿ ಹರಿಯುತ್ತ ಕೇಳಿದ, "ಚಿತ್ರ ನೋಡಾಕ ಬಂದೀರ್ಯೋ, ಕನ್ಯಾ ತೋರ್ಸಾಕ ಬಂದೀರ್ಯೋ?"

"ಚಿತ್ರ" ಅಂದೆ ನಾನು.

"ಕನ್ಯಾ" ಅಂದರು ಗೌರಕ್ಕ.

"ಹಂಗಾರ ಎರಡನೇ ಕ್ವಾಣಿಗೆ ಹೋಗ್ರಿ. ಮೊದಲನೇದ್ರಾಗ ಎರಡ ಪಾರ್ಟಿ ಕುಂತಾವ. ಎರಡನೇದ್ರಾಗ ಒಬ್ರು ತಾಯಿ, ಮಗಾ ಆಗಲೇ ಬಂದಾರ ನೋಡ್ರಿ. ಚಹಾ ಕೆಳಗ ಚೆಲ್ಲಬ್ಯಾಡ್ರಿ ಅಷ್ಟ" ಅಂದ ಹುಲಗಪ್ಪ.

ನನಗೆ ಮೈಯೆಲ್ಲ ಉರಿಯಿತು. ಶಾಂಭವಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. "ಮೊದಲ ಹೇಳಿದ್ರ ನೀ ಬರ್ತಿದ್ದಿಲ್ಲ, ಅದಕ್ಕ ಹೇಳಲಿಲ್ಲ. ಸಿಟ್ಟ ಮಾಡ್ಕೋಬ್ಯಾಡ. ಈ ಸಲ ಹೂಂ ಅನ್ನಾಕಬೇಕು ಅಂತ ಅಪ್ಪ ಹಟಾ ಹಿಡದಾರ. ನನಗ ಬ್ಯಾರೆ ಏನೂ ಬ್ಯಾಡ ಸುಜಾತಾ. ಎತ್ತರ, ಬಣ್ಣ, ರೊಟ್ಟಿ ಬಿಟ್ಟು ಅಂವ ನನ್ನ ಜೋಡಿ ಮನಷ್ಯಾರಗತೆ ಒಂದ ಮಾತಾಡಿದ್ರ ಸಾಕು. ಮಾತಾಡಿದ್ರ ಹೂಂ ಅಂತೀನಿ, ಇಲ್ಲಂದ್ರ ಈ ಸಲ ಖರೇನ ಇಲ್ಲ ಅಂದ ಬಿಡ್ತೀನಿ. ನೀ ಬಾಜೂಕ ನಿಂತ್ರ ನನಗ ಧೈರ್ಯ ಬರ್ತೈತಿ" ಅಂದಳು. ನನ್ನ ಸಿಟ್ಟು ಇಳಿಯಿತು. ಮೂವತ್ತನಾಲ್ಕು ದಾಟಿದ ಹೆಣ್ಣುಮಗಳು, ಡಾಕ್ಟರೇಟು ಮಾಡಿದವಳು, ಎಷ್ಟೋ ಜನರ ಎದುರು ಚಹಾದ ಟ್ರೇ ಹಿಡಿದು ನಿಂತು ಬಂದಿದ್ದಾಳೆ. ಒಂದು ಮಾತು ಬೇಕು ಅನ್ನುತ್ತಾಳೆ. ಅದೇನು ದೊಡ್ಡ ಆಸೆಯೇ?

ಮೊದಲನೆಯ ಕೋಣೆ ದಾಟುವಾಗ ನೋಡಿದೆ. ಎರಡು ಪಾರ್ಟಿಗಳು ಚಿತ್ರಗಳಿಗೆ ಬೆನ್ನು ಮಾಡಿ ಸಾಲಾಗಿ ಕೂತಿದ್ದವು. ಥರ್ಮಾಸಿನ ಚಹಾ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬ ಹುಡುಗಿಗೆ ನಡೆದು ತೋರಿಸು ಅಂದಿದ್ದರೆಂದು ಕಾಣುತ್ತದೆ, ಅವಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿದ್ದಳು. ಕಲೆಗಾಗಿ ಸರ್ಕಾರ ಮಾಡಿದ ಖರ್ಚು ಪೂರ್ತಿ ದಂಡವಾಗಿಲ್ಲ ಎಂದುಕೊಂಡು ಮುಂದೆ ಹೋದೆ.

ಎರಡನೆಯ ಕೋಣೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ಈ ಸಂಬಂಧ ತಂದ ಮಧ್ಯಸ್ಥ ಶಿವಯೋಗೀಶ ಹೇಳಿದ್ದು ಇಷ್ಟು: ಹುಡುಗ ಎಂಜಿನಿಯರ್, ಹುಬ್ಬಳ್ಳಿಯಲ್ಲಿ ಸ್ವಂತ ಮನೆ, ಊರಲ್ಲಿ ಹೊಲ, ತಾಯಿ ಮಗ ಇಬ್ಬರೇ ಬರುತ್ತಾರೆ. ಅವನು ಕಳಿಸಿದ ಫೋಟೊ ಯಾರದೋ ಮದುವೆಯ ಗುಂಪಿನದು, ಹುಡುಗ ಹಿಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ. ಹಾಗಾಗಿ ಗೌರಕ್ಕ ಅನುಮಾನ ಪಡದೆ ನೇರ ಹೋಗಿ ಕೈ ಮುಗಿದರು.

"ನಮಸ್ಕಾರ್ರಿ ಅಕ್ಕಾರ. ಬಾಳ ಹೊತ್ತಾತೇನ್ರಿ ಬಂದು?"

"ಈಗ ಬಂದೇವ್ರಿ. ಬರ್ರಿ, ಕೂಡ್ರಿ" ಎಂದು ಆ ತಾಯಿ ನಗುತ್ತ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು.

ಆ ನಗು ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಅವರು ಸಾವಕ್ಕ. ನರ್ಸ್ ಆಗಿ ನಿವೃತ್ತರಾದವರು. ಬುದ್ಧ ಪೂರ್ಣಿಮೆಗೆ ನಮ್ಮ ವಿಹಾರದಲ್ಲಿ ಪಾಯಸ ಬಡಿಸುವುದು ಪ್ರತಿ ವರ್ಷ ಅವರೇ. ಅಷ್ಟು ಜನರ ಸಾಲಿನಲ್ಲಿ ನನ್ನ ಮುಖ ಅವರಿಗೆ ನೆನಪಿರಲಿಲ್ಲ. ಅಂದರೆ ಗೌರಕ್ಕ ಹುಡುಕಿಕೊಂಡು ಬಂದ ಬೀಗರು ಇವರಲ್ಲ, ಇವರಾಗಿರಲು ಸಾಧ್ಯವೇ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗೌರಕ್ಕ ಚೀಲದಿಂದ ಸ್ಟೀಲಿನ ಡಬ್ಬಿ, ಹೆಸರು ಹೊಡೆಸಿದ ಪ್ಲೇಟು, ಚಮಚ ಎಲ್ಲ ತೆಗೆದು ಅವಲಕ್ಕಿ ಬಡಿಸತೊಡಗಿದ್ದರು.

ಬೇರೆ ಊರಾಗಿದ್ದರೆ ತಪ್ಪು ಎರಡು ನಿಮಿಷದಲ್ಲಿ ಬಯಲಾಗುತ್ತಿತ್ತು. ನಮ್ಮಲ್ಲಿ ಹಾಗಾಗುವುದಿಲ್ಲ. ವರನಿಗೆ ಕೇಳುವ ಪ್ರಶ್ನೆಗಳನ್ನೇ ನಾವು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕೇಳುತ್ತೇವೆ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದರೆ ಧಾರವಾಡ ಮುಟ್ಟುವುದರೊಳಗೆ ನಮ್ಮ ಊರು, ನೌಕರಿ, ಪಗಾರ, ಅಣ್ಣತಮ್ಮಂದಿರ ಜಗಳ ಎಲ್ಲ ಪಕ್ಕದವರಿಗೆ ಗೊತ್ತಾಗಿರುತ್ತದೆ. ಕೇಳದಿದ್ದರೆ ಇವರಿಗೇನು ಸೊಕ್ಕು ಅನ್ನುತ್ತಾರೆ. ಹಾಗಾಗಿ ಗೌರಕ್ಕ ಕೇಳಿದ್ದರಲ್ಲಿ ಸಾವಕ್ಕನಿಗೆ ಏನೂ ವಿಶೇಷ ಕಾಣಲಿಲ್ಲ.

"ಮನಿ ಸ್ವಂತದ್ದೇನ್ರಿ?"

"ಹೂಂರಿ. ಮೊನ್ನೆ ಮ್ಯಾಲ ಒಂದ ಮಜಲಿ ಏರಿಸೇವಿ."

"ತಮ್ಮಾ ಏನ ಮಾಡ್ತಾನ್ರಿ?"

"ನೀರಾವರಿ ಇಲಾಖೆದಾಗ ಎಂಜಿನಿಯರ್ ಅದಾನ್ರಿ."

"ಹೊಲಾ?"

"ಎರಡ ಎಕರೆ ಐತ್ರಿ."

ಗೌರಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇದ್ದಾವ್ರು ಹಂಗ ನೋಡು, ಕಡಿಮಿನ ಹೇಳ್ತಾರ. ಇಪ್ಪತ್ತರ ಮ್ಯಾಲ ಇರಬೇಕು." ಸಾವಕ್ಕನ ಹಣೆಯ ಮೇಲೆ ವಿಭೂತಿ ಇಲ್ಲದಿದ್ದುದಕ್ಕೂ ಅವರ ಹತ್ತಿರ ಉತ್ತರ ಸಿದ್ಧವಿತ್ತು. "ಮಾಡರ್ನ್ ಮಂದಿ. ಮನ್ಯಾಗ ಪೂಜಿ ಮಾಡಿ ಒರಸ್ಕೊಂಡ ಬಂದಿರ್ತಾರ. ಏನ ಹೇಳು, ಮಾತಿನ್ಯಾಗ, ಉಡೂದ್ರಾಗ ಗೊತ್ತಾಗ್ತೈತಿ ನೋಡು ನಮ್ಮ ಮಂದಿ ಅಂತ. ಆ ಸಂಸ್ಕಾರ ರಕ್ತದಾಗ ಬರಬೇಕವಾ."

ಹುಡುಗನ ಹೆಸರನ್ನು ಯಾರೂ ಕೇಳಲಿಲ್ಲ, ಇಬ್ಬರು ತಾಯಂದಿರೂ ಅವನನ್ನು 'ತಮ್ಮಾ' ಎಂದೇ ಕರೆಯುತ್ತಿದ್ದರು. ಜಾತಿಯನ್ನೂ ಕೇಳಲಿಲ್ಲ. ಅದನ್ನು ಶಿವಯೋಗೀಶ ಮೊದಲೇ ನೋಡಿಕೊಂಡಿರುತ್ತಾನಲ್ಲ. ಎಲ್ಲವನ್ನೂ ಕೆದಕಿ ಕೆದಕಿ ಕೇಳಿದ ಗೌರಕ್ಕ, ತಮಗೆ ನಿಜಕ್ಕೂ ಬೇಕಾದ ಒಂದೇ ಪ್ರಶ್ನೆಯನ್ನು ಬಿಟ್ಟಿದ್ದರು. ರಕ್ತದ ಸಂಸ್ಕಾರದ ಮಾತು ಕೇಳಿದ ಮೇಲೆ ನನಗೂ ಅದನ್ನು ನೆನಪಿಸುವ ಮನಸ್ಸಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಅವಲಕ್ಕಿ ತಿಂದೆ. ಅವಲಕ್ಕಿ ಬಹಳ ಛಲೋ ಆಗಿತ್ತು.

ಅತ್ತ ಆ ಹುಡುಗ, ಅವನ ಹೆಸರು ರಾಜೀವ ಎಂದು ಆಮೇಲೆ ತಿಳಿಯಿತು, ಎದುರಿನ ಚಿತ್ರ ನೋಡುತ್ತ ನಿಂತಿದ್ದ. ಹತ್ತಿ ಒತ್ತಿ ತುಂಬಿದ ಅಂಡಿಗೆ ಮೂಟೆಗಳ ಮೇಲೆ ಒಬ್ಬ ಹೆಣ್ಣುಮಗಳು ನಮಗೆ ಬೆನ್ನು ಮಾಡಿ ಕೂತ ಚಿತ್ರ ಅದು. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಶಾಂಭವಿಯನ್ನು ಅವನು ಸಹಜವಾಗಿ ಕೇಳಿದ, "ಈಕಿ ಆ ಕಡೆ ಏನ ನೋಡಾಕತ್ತಾಳ ಅಂತೀರಿ?"

ಶಾಂಭವಿ ತಲೆ ಎತ್ತಿದಳು. ಕನ್ಯಾ ತೋರಿಸುವಾಗ ನೀವೇನಂತೀರಿ ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ.

"ಏನೂ ನೋಡಾಕತ್ತಿಲ್ಲ ಅನಸ್ತೈತ್ರಿ. ಮಂದಿ ತನ್ನ ನೋಡೂದು ಸಾಕಾಗಿ ತಿರುಗಿ ಕುಂತಾಳ" ಅಂದಳು.

ರಾಜೀವ ಗೊಳ್ಳನೆ ನಕ್ಕ. "ಖರೇ ರಿ. ನಾ ಇಷ್ಟೊತ್ತನಾ ಅಕಿ ಮಾರಿ ಹೆಂಗಿರಬೇಕು ಅಂತನ ವಿಚಾರ ಮಾಡಾಕತ್ತಿದ್ದೆ. ತಪ್ಪಾತು."

ಅಲ್ಲಿಂದ ಮಾತು ಶುರುವಾಯಿತು. ಅವಳ ಅಜ್ಜಿ ಹತ್ತಿ ಬಿಡಿಸುವ ಹೆಂಗಸರ ಹಾಡು ಹಾಡುತ್ತಿದ್ದದ್ದು, ಅವನು ಕಾಲುವೆಯ ನೀರು ಬಿಡುವ ದಿನ ಊರವರೆಲ್ಲ ಬಂದು ಬೈಯುವುದು, ಇಬ್ಬರಿಗೂ ಭಾಷಣಗಳಲ್ಲಿ ನಿದ್ದೆ ಬರುವುದು, ಹೀಗೆ ಒಂದಕ್ಕೊಂದು ಹೊಂದಿಕೊಂಡು ಹೊರಟಿತು. ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಮಾತ್ರ ಬಾಯಿ ತುಂಬ ನಗುವ ಶಾಂಭವಿ ಅಲ್ಲಿ ಹಾಗೇ ನಗುತ್ತಿದ್ದಳು. ನನ್ನ ಕಡೆ ತಿರುಗಿ ಕಣ್ಣಲ್ಲೇ, ಕೇಳಿದೆಯಾ, ಅಂದಳು. ಆಗ ನನ್ನೊಳಗಿನ ಕುಚೋದ್ಯವೆಲ್ಲ ಹೋಗಿ, ಅದರ ಜಾಗದಲ್ಲಿ ಹುಚ್ಚು ಆಸೆ ಹುಟ್ಟಿತು. ಆಗಬಾರದೇಕೆ? ತಾಯಂದಿರಿಬ್ಬರೂ ಮೊಣಕಾಲು ನೋವಿಗೆ ಎಣ್ಣೆ ಯಾವುದು ಎಂಬಲ್ಲಿಗೆ ಬಂದಿದ್ದಾರೆ. ಹುಡುಗಿಗೆ ಬೇಕಾದ ಒಂದು ಮಾತಿನ ಬದಲು ನೂರು ಮಾತು ಸಿಕ್ಕಿದೆ. ಹುಡುಗಿಯ ಡಾಕ್ಟರೇಟೇ ಸಮಾನತೆಯದು. ಈ ಒಂದು ತಾಸು ಹೀಗೇ ಮುಂದುವರಿದರೆ ಯಾರ ಗಂಟು ಹೋಗುತ್ತದೆ? ಹಾಗೆ ಆಸೆಪಟ್ಟದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಇಲ್ಲ.

ಆಗ ಗೌರಕ್ಕನ ಫೋನು ಹೊಡೆಯಿತು. ಸ್ಪೀಕರ್ ಹಾಕದೆ ಮಾತಾಡಿ ಅವರಿಗೆ ಗೊತ್ತಿಲ್ಲ.

"ಗೌರಕ್ಕಾರ, ನಾ ಶಿವಯೋಗೀಶ ರಿ. ತಡಾ ಆತು, ಮಾಫ್ ಮಾಡ್ರಿ. ಹುಡುಗನ ಕಡೆಯವರದು ಗಬ್ಬೂರ ಬೈಪಾಸಿನ್ಯಾಗ ಗಾಡಿ ಪಂಕ್ಚರ್ ಆಗಿತ್ತಂತ. ಈಗ ಹೊಂಟಾರ, ಹತ್ತ ನಿಮಿಷದಾಗ ಗೇಟಿಗೆ ಬರ್ತಾರ."

ಗೌರಕ್ಕ ಫೋನು ನೋಡಿದರು. ಸಾವಕ್ಕನನ್ನು ನೋಡಿದರು. ರಾಜೀವನನ್ನು ನೋಡಿದರು.

"ಹಂಗಾರ ನೀವು ಯಾರು?"

"ನಾವಾ? ನಾವು ಚಿತ್ರ ನೋಡಾಕ ಬಂದೇವ್ರಿ" ಅಂದರು ಸಾವಕ್ಕ.

"ಚಿತ್ರಾ? ಬರೇ ಚಿತ್ರಾ?" ಗೌರಕ್ಕನ ಧ್ವನಿಯಲ್ಲಿ, ಭಾನುವಾರದ ದಿನ ಒಳ್ಳೆಯ ಮನೆಯವರು ಮಾಡುವ ಕೆಲಸವೇ ಇದು ಎಂಬ ಸಂಶಯವಿತ್ತು. ಆಮೇಲೆ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದರು. "ಅಲ್ರಿ, ನೀವು ಯಾವ ಪೈಕಿ?"

ಸಾವಕ್ಕ ಚಮಚವನ್ನು ಪ್ಲೇಟಿನಲ್ಲಿ ಇಟ್ಟರು. ಅವರಿಗೆ ಎಲ್ಲ ಅರ್ಥವಾಗಿತ್ತು. "ನಾವು ಬಾಬಾಸಾಹೇಬರ ಮಂದಿ ಅದೇವ್ರಿ" ಅಂದರು, ಧ್ವನಿ ತಗ್ಗಿಸಲೂ ಇಲ್ಲ ಏರಿಸಲೂ ಇಲ್ಲ.

ಅಂದು ಮೊದಲ ಸಲ ಗೌರಕ್ಕ ಎದ್ದು ಗೋಡೆಯ ಮೇಲಿನ ಚಿತ್ರದ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಕೆಳಗಿನ ಚೀಟಿಯನ್ನೂ ಓದಿದರು. ಆ ಕಟ್ಟಡ ಶುರುವಾದಾಗಿನಿಂದ ಅಷ್ಟು ತನ್ಮಯರಾಗಿ ಯಾರೂ ಚಿತ್ರ ನೋಡಿರಲಿಕ್ಕಿಲ್ಲ. ಸಾವಕ್ಕ ಕರವಸ್ತ್ರದಿಂದ ಪ್ಲೇಟು ಒರೆಸಿ ಕೊಡಲು ಹೋದಾಗ ಗೌರಕ್ಕ ಕೈ ಹಿಂದಕ್ಕೆ ಎಳೆದುಕೊಂಡು, "ಇರ್ಲಿ ಇರ್ಲಿ, ನೀವ ಇಟ್ಕೋರಿ, ನಿಮಗ ಬೇಕಾಗ್ತೈತಿ" ಅಂದರು. ಹೆಸರು ಹೊಡೆಸಿದ ಸ್ಟೀಲಿನ ಪ್ಲೇಟು ಅದು. ನಮ್ಮ ಕಡೆ ಹೆಣ್ಣುಮಕ್ಕಳು ಮಗಳ ಮನೆಯಿಂದ ಕೂಡ ಅಂಥ ಪ್ಲೇಟನ್ನು ತಪ್ಪದೆ ವಾಪಸು ತರುತ್ತಾರೆ.

"ನಮ್ಮ ಮನ್ಯಾಗ ಅದಾವ್ರಿ" ಎಂದು ಸಾವಕ್ಕ ಅದನ್ನು ಬೆಂಚಿನ ಮೇಲೆ ಇಟ್ಟರು.

ಗೌರಕ್ಕ ನನ್ನನ್ನು ಮೂಲೆಗೆ ಕರೆದರು. ಪಿಸುಮಾತಿನಲ್ಲೇ ಬೈಯಲು ಹೋದರೂ ಆ ಖಾಲಿ ಕೋಣೆಯಲ್ಲಿ ಎಲ್ಲ ಕೇಳುತ್ತಿತ್ತು. "ಇವರು ನಿಮ್ಮ ಮಂದಿ ಅಂತ ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ ಕಾಕು."

"ಮತ್ತ ಯಾಕ ಹೇಳಲಿಲ್ಲ?"

"ನೀವು ರಕ್ತದಾಗ ಗೊತ್ತಾಗ್ತೈತಿ ಅಂದ್ರಿ. ನನಗ್ಯಾಕ ನಡುವ ಅಂತ ಸುಮ್ಮನಾದೆ."

"ನೋಡು ಶಾಂಭವಿ, ಹೆಂಗ ಮಾತಾಡ್ತಾಳ! ಬೇಕಂತ ಮಾಡ್ಯಾಳ. ಈ ಮಂದೀನ ಮನಿತನಾ ಬಿಟ್ಕೊಂಡ್ರ ಹಿಂಗ ಆಗೂದು!"

ಶಾಂಭವಿ ನನ್ನ ಪರವಾಗಿ ಮುಂದೆ ಬಂದಳು. "ಅವ್ವಾ, ಹಂಗ ಅನಬ್ಯಾಡ. ಸುಜಾತಾ ಆ ಮಂದಿಗತೆ ಅಲ್ಲ. ಅಕಿ ಬ್ಯಾರೇನ. ನಮ್ಮ ಮನ್ಯಾಗ ಊಟಾ ಮಾಡ್ತಾಳಲ್ಲ ಅಕಿ!"

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಅದಕ್ಕೇ ಅದು ಗೌರಕ್ಕನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹೌದು, ಅವರ ಮನೆಯಲ್ಲಿ ಊಟ ಮಾಡಿದ್ದೇನೆ. ಎಲ್ಲರಿಗೂ ಸ್ಟೀಲಿನ ತಾಟು, ನನಗೊಬ್ಬಳಿಗೆ ಹೂವಿನ ಚಿತ್ರದ ಗಾಜಿನ ತಾಟು. ಮನೆಗೆ ಬಂದವಳೆಂಬ ಗೌರವ ಎಂದು ಇಷ್ಟು ವರ್ಷ ತಿಳಿದಿದ್ದೆ. ಅರ್ಥಶಾಸ್ತ್ರ ಹೇಳುವವಳಿಗೆ ಇಷ್ಟೂ ತಿಳಿಯಲಿಲ್ಲ.

ರಾಜೀವ ಇದನ್ನೆಲ್ಲ ಕೇಳಿಸಿಕೊಂಡರೂ ಕೇಳದವನಂತೆ ಶಾಂಭವಿಯ ಹತ್ತಿರ ಬಂದ. "ಮಾತು ಅರ್ಧಕ್ಕ ನಿಂತಾವ್ರಿ. ಮ್ಯಾಲಿನ ಕ್ವಾಣ್ಯಾಗ ಇನ್ನಷ್ಟು ಚಿತ್ರ ಅದಾವಂತ. ಬರ್ತೀರೇನ್ರಿ?"

ಅವಳು ಹೋಗಲಿ ಎಂದು ನಾನು ಬಯಸಿದೆ. ಮದುವೆಯ ಮಾತೇನೂ ಅಲ್ಲ, ಮೇಲಿನ ಕೋಣೆಗೆ ಹೋಗಿ ನಾಲ್ಕು ಚಿತ್ರ ನೋಡುವುದು. ಶಾಂಭವಿ ಅವನನ್ನು ನೋಡಿದಳು, ಅವ್ವನನ್ನು ನೋಡಿದಳು, ಸೆರಗು ಸರಿ ಮಾಡಿಕೊಂಡಳು.

"ಬ್ಯಾಡ್ರಿ. ನಮ್ಮವರು ಬರಾಕತ್ತಾರ" ಅಂದಳು.

ಜನ್ಮದಲ್ಲಿ ಅವಳು ಮುಖ ನೋಡಿರದ, ಗಬ್ಬೂರದ ಹತ್ತಿರ ಪಂಕ್ಚರ್ ಹಾಕಿಸಿಕೊಂಡು ಬರುತ್ತಿದ್ದ ಇಬ್ಬರು ಅವಳ 'ನಮ್ಮವರು'. ರಾಜೀವ ಒಂದು ನಮಸ್ಕಾರ ಮಾಡಿದ. ಸಾವಕ್ಕ ಮೊಣಕಾಲು ಹಿಡಿದುಕೊಂಡು ಎದ್ದು ಮಗನ ಜೊತೆ ಮೆಟ್ಟಿಲು ಹತ್ತಿದರು. ನಾನೂ ಅವರ ಹಿಂದೆಯೇ ಹೋಗಬೇಕಿತ್ತು. ಹೋಗಲಿಲ್ಲ. ಬಾಜೂಕ ನಿಂತರೆ ಧೈರ್ಯ ಬರುತ್ತದೆ ಅಂದಿದ್ದಳಲ್ಲ, ಇನ್ನೂ ಇಲ್ಲ ಅನ್ನುವ ಧೈರ್ಯವಾದರೂ ಅವಳಿಗೆ ಬಂದೀತು ಎಂದು ನಿಂತೆ. ಹಳೆಯ ಗೆಳೆತನ ಅಷ್ಟು ಸುಲಭವಾಗಿ ಕಾಲು ಕೀಳಲು ಬಿಡುವುದಿಲ್ಲ.

ನಿಜವಾದ ವರ ಬಸವಪ್ರಭು ತಾಯಿಯ ಜೊತೆ ಬಂದ. ಕಪ್ಪು ಕನ್ನಡಕವನ್ನು ಒಳಗೂ ತೆಗೆಯಲಿಲ್ಲ. ಬೆಂಚಿನ ಮೇಲೆ ಕೂತು ಫೋನು ತೆಗೆದ, ಮುಂದೆ ಅದರಿಂದ ಮುಖ ಎತ್ತಲಿಲ್ಲ. ಅವನ ತಾಯಿ ಶಾಂಭವಿಯನ್ನು ದೀಪದ ಕೆಳಗೆ ನಿಲ್ಲಿಸಿ, "ಈ ಕಡೆ ತಿರುಗವಾ, ಆ ಕಡೆ ತಿರುಗವಾ" ಅಂದರು. ಕನ್ನಡ ಕಲಿಸ್ತಾಳ ಅಂದ್ರ ಮನಿಗೆ ಲಗೂನ ಬರ್ತಿರಬೇಕಲ್ಲ ಎಂದು ಕೇಳಿದರು. ಜೋಳದ ರೊಟ್ಟಿ ಕೈಯಿಂದ ಬಡಿಯುತ್ತೀಯೋ, ಲಟ್ಟಿಸುತ್ತೀಯೋ ಎಂದು ಕೇಳಿದರು. ಎಲ್ಲದಕ್ಕೂ ಶಾಂಭವಿ ಹೂಂ ಅಂದಳು, ಕೊನೆಯದಕ್ಕೂ ಹೂಂ ಅಂದಳು. ಬಸವಪ್ರಭುವಿನ ಬಾಯಿಂದ ಒಂದು ಮಾತೂ ಬರಲಿಲ್ಲ. ಅವಳ ಷರತ್ತು ಏನಿತ್ತೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ, ಮತ್ತು ಅವಳು ನನ್ನ ಕಡೆ ನೋಡಲಿಲ್ಲ.

ಬೀಗಿತಿಯಾಗಲಿದ್ದ ಆ ತಾಯಿಯ ಕಣ್ಣು ಆಗ ನನ್ನ ಮೇಲೆ ಬಿತ್ತು.

"ಇವರು ಯಾರ್ರಿ? ನಿಮ್ಮ ಪೈಕಿನಾ?"

ಗೌರಕ್ಕ ಡಬ್ಬಿಯ ಮುಚ್ಚಳ ಹುಡುಕತೊಡಗಿದರು. ನಾನು ಶಾಂಭವಿಯನ್ನೇ ನೋಡಿದೆ. ನನ್ನ ಗೆಳತಿ ಅನ್ನುವುದು ಎರಡೇ ಶಬ್ದ. ಊರೂರಿನ ವೇದಿಕೆಗಳ ಮೇಲೆ ಅವಳು ಹೇಳಿದ ಮಾತುಗಳ ಮುಂದೆ ಅದು ಏನೇನೂ ಅಲ್ಲ.

"ಇಲ್ರಿ" ಅಂದಳು ಶಾಂಭವಿ, ನೆಲ ನೋಡುತ್ತ. "ಇಲ್ಲೇ ಬಂದವರು ಯಾರೋ ಇರಬೇಕ್ರಿ."

ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಸಿಟ್ಟು ಬಂತು, ಅದರ ಬೆನ್ನಿಗೇ ಅವಳ ಬಗ್ಗೆ ಕರುಳು ಚುರುಕ್ ಅಂದಿತು, ಆಮೇಲೆ ಮತ್ತೆ ಸಿಟ್ಟೇ ಬಂತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸವಪ್ರಭುವಿನ ತಾಯಿಯ ಎದುರು ನಿಂತು ಕೈ ಮುಗಿದೆ.

"ಹೂಂರಿ, ನಾ ಯಾರೂ ಅಲ್ಲ. ಆದ್ರ ಇಷ್ಟೊತ್ತನಾ ಇಲ್ಲೇ ನಿಂತು ನೋಡೇನಿ, ಹೇಳ್ತೀನಿ ಕೇಳ್ರಿ. ಹುಡುಗಿ ಛಲೋ ಅದಾಳ, ಧೈರ್ಯಲೇ ಮಾಡ್ಕೋರಿ. ಹೇಳಿದ್ದು ಕೇಳ್ತಾಳ."

ಆ ತಾಯಿಯ ಮುಖ ಅರಳಿತು. "ಅಷ್ಟಿದ್ರ ಸಾಕ ನೋಡ್ರಿ ನಮಗ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.